ಪುಟ್ಟಿಗೆ, ನಿಮ್ಮೂರಿನ ಪಿನ್ ಕೋಡ್ ಬಗ್ಗೆ

ಹಾಸನ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ದೊಡ್ಡ ಸಂಖ್ಯೆ ಕಂಡರೆ ಕೈಕಾಲು ಆಡುವುದಿಲ್ಲ, ಕೂಡಲೇ ಮೊಬೈಲ್ ತೆಗೆಯುತ್ತೇನೆ ಅಂತ ಬರೆದಿದ್ದೀಯ. ಮೊಬೈಲ್ ಬೇಡ ಅನ್ನುವುದಿಲ್ಲ. ಆದರೆ ಅದು ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಒಂದು ಕೆಲಸ ಮಾಡು. ಈ ಭಾನುವಾರ ಒಂದೇ ಒಂದು ಸಂಖ್ಯೆ ಹಿಡಿದು ಕೂತ್ಕೋ. ಕವರ್ ಮೇಲಿರುವ ಚಿಕ್ಕಮಗಳೂರಿನ ಪಿನ್ ಕೋಡ್ ಸಾಕು: 577101.

ಅಂಕಿ ಕೂಡಿಸಿದರೆ 21. ಹಾಗಾಗಿ 3ರಿಂದ ಭಾಗ ಹೋಗುತ್ತದೆ, 9ರಿಂದ ಇಲ್ಲ. ಇದು ನಿನಗೆ ಗೊತ್ತು.

7ಕ್ಕೆ ಬಂದಾಗಲೇ ನೀನು ಮೊಬೈಲ್ ತೆಗೆಯೋದು, ಅಲ್ವಾ? ಸಂಖ್ಯೆಯನ್ನು ನಡುವೆ ಮುರಿ: 577, 101. ಒಂದರಿಂದ ಒಂದು ಕಳೆ: 476. ಇದು 7 × 68. ಹಾಗಾದರೆ 577101 ಕೂಡ 7ರಿಂದ ಭಾಗವಾಗುತ್ತದೆ. ಯಾಕೆ ಗೊತ್ತಾ? 7, 11, 13 ಮೂರನ್ನೂ ಗುಣಿಸಿದರೆ 1001. 577 ಸಾವಿರ ಅಂದರೆ 577 ಸಲ 1001, ಅದರಲ್ಲಿ 577 ಕಡಿಮೆ. 1001ರ ಪಾಲನ್ನು ಬದಿಗಿಟ್ಟರೆ ನೋಡಬೇಕಾದ್ದು ಆ 476 ಮಾತ್ರ. ಅದು 11ರಿಂದಲೂ ಹೋಗುವುದಿಲ್ಲ, 13ರಿಂದಲೂ ಇಲ್ಲ. ಒಂದೇ ಕಳೆಯುವ ಲೆಕ್ಕದಲ್ಲಿ ಮೂರು ಪರೀಕ್ಷೆ ಮುಗಿಯಿತು!

3 ಮತ್ತು 7 ತೆಗೆದರೆ ಉಳಿಯುವುದು 27481. ಇಲ್ಲಿ ಅವಸರ ಬೇಡ. 166ರ ವರ್ಗ 27556, ಆಗಲೇ ಜಾಸ್ತಿ ಆಯಿತು. ಆದ್ದರಿಂದ 163ರವರೆಗಿನ 38 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಪೆನ್ಸಿಲ್‌ನಲ್ಲೇ ಮಾಡು. 151ರ ಹತ್ತಿರ ಹುಷಾರು: 151 × 182 = 27482. ಒಂದೇ ಒಂದರಲ್ಲಿ ತಪ್ಪಿಹೋಗುತ್ತದೆ. ಕೊನೆಗೂ ಯಾವುದರಿಂದಲೂ ಭಾಗ ಹೋಗುವುದಿಲ್ಲ. 27481 ಅವಿಭಾಜ್ಯ.

ನನಗೆ ತುಂಬಾ ಇಷ್ಟವಾದ ಭಾಗ ಇನ್ನು ಮುಂದಿದೆ. ಇದನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂಥ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರ ಡಿಸೆಂಬರ್ 25ರಂದು ಮರ್ಸೆನ್ ಅನ್ನುವ ವಿದ್ವಾಂಸನಿಗೆ ಬರೆದ ಪತ್ರದಲ್ಲಿ ಇದನ್ನು ಹೇಳಿದ. ಸಾಧಿಸಿ ತೋರಿಸಿದ್ದು ಆಯ್ಲರ್ ಅನ್ನುವ ಇನ್ನೊಬ್ಬ ಗಣಿತಜ್ಞ, ನೂರು ವರ್ಷಕ್ಕೂ ಜಾಸ್ತಿ ಕಾದ ಮೇಲೆ. ನಮ್ಮ ಸಂಖ್ಯೆಯಲ್ಲೇ ನೋಡು: 165ರ ವರ್ಗ 27225, 16ರ ವರ್ಗ 256. ಕೂಡಿಸಿದರೆ 27481! ನಾವು ದಿನಾ ಕವರ್ ಮೇಲೆ ಗೀಚುವ ಅಂಕಿಗಳ ಒಳಗೆ ಇದು ಇತ್ತು ಅಂತ ತಿಳಿದಾಗ ನನಗಾದ ಖುಷಿ ನಿನಗೂ ಆಗಬೇಕು.

ಆದರೆ ಪೂರ್ತಿ 577101 ಎರಡು ವರ್ಗಗಳ ಮೊತ್ತ ಆಗುವುದಿಲ್ಲ. 3 ಮತ್ತು 7 ಅಡ್ಡ ಬರುತ್ತವೆ. ಎರಡನ್ನೂ 4ರಿಂದ ಭಾಗಿಸಿದರೆ 3 ಉಳಿಯುತ್ತದೆ, ಎರಡೂ ಒಂದೊಂದೇ ಸಲ ಇವೆ.

ನಮ್ಮ ಹಾಸನದ್ದು 573201. ಅದರಲ್ಲೂ 3 ಇದೆ. ಆದರೂ 705ರ ವರ್ಗಕ್ಕೆ 276ರ ವರ್ಗ ಕೂಡಿಸಿದರೆ ಸರಿಯಾಗಿ ಅದೇ ಬರುತ್ತದೆ. ಇಲ್ಲಿ 3 ಯಾಕೆ ಅಡ್ಡ ಬರಲಿಲ್ಲ? ಮೊಬೈಲ್ ಮುಟ್ಟದೆ ಯೋಚಿಸಿ ಬರಿ. ನಿನ್ನ ದೊಡ್ಡಮ್ಮ ಚಕ್ಕುಲಿ ಕಳಿಸುತ್ತಿದ್ದಾಳೆ, ರೂಮಿನವರ ಜೊತೆ ಹಂಚಿಕೋ.

ಇಂತಿ,
ನಿನ್ನ ದೊಡ್ಡಪ್ಪ