ಫೈನ್ ಹಾಕಿ, ಆದ್ರೆ ಹಾಕಿದ್ದು ಎಲ್ಲಿ ಉಂಟು ಅಂತ ಸಿಗುವ ಹಾಗೆ ಮಾಡಿ

ಮಾನ್ಯ ಸಂಪಾದಕರೇ,

ಮಂಗಳೂರಲ್ಲಿ ಟ್ರಾಫಿಕ್ ಫೈನ್ ಜಾಸ್ತಿ ಆಯ್ತು, ಪೊಲೀಸರು ತಿರುವಿನಲ್ಲಿ ಅಡಗಿ ನಿಲ್ತಾರೆ ಅಂತ ಬೈಯುವ ಪತ್ರಗಳು ಆಗಾಗ ಓದ್ಲಿಕ್ಕೆ ಸಿಗ್ತವೆ. ಇದು ಆ ಥರದ್ದಲ್ಲ. ಹೆಲ್ಮೆಟ್ ಹಾಕದವನಿಗೆ 500 ರೂಪಾಯಿ ಬಿದ್ರೆ ನಂಗೆ ಒಂಚೂರೂ ಬೇಜಾರಿಲ್ಲ, ಪಂಪ್‌ವೆಲ್ ಹತ್ರ ರಾಂಗ್ ಸೈಡಲ್ಲಿ ನುಗ್ಗುವವರಿಗೆ ಇನ್ನೂ ಜಾಸ್ತಿ ಬೀಳ್ಲಿ ಅಂತ್ಲೇ ನಾನು ಹೇಳುದು. ನನ್ನ ತಕರಾರು ಬೇರೆ. ಬಿದ್ದ ಫೈನ್ ಎಷ್ಟು, ಯಾಕೆ, ಎಲ್ಲಿ ಅಂತ ಗಾಡಿಯವನಿಗೆ ಟೈಮಿಗೆ ಸರಿಯಾಗಿ ಗೊತ್ತೇ ಆಗುದಿಲ್ಲ, ಗೊತ್ತು ಮಾಡ್ಕೊಳ್ಳುವ ಅಂತ ಹೊರಟ್ರೆ ಅದೇ ಒಂದು ದೊಡ್ಡ ಕೆಲಸ.

ನಂದು ಇಲ್ಲೇ ಒಂದು ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಆಧಾರ್, ಆರ್‌ಟಿಸಿ, ಕರೆಂಟ್ ಬಿಲ್ ಎಲ್ಲಾ ಮಾಡಿಕೊಡ್ತೇನೆ. ಈಗೀಗ ಅದರ ಜೊತೆ "ನನ್ನ ಗಾಡಿಗೆ ಏನಾದ್ರೂ ಫೈನ್ ಉಂಟಾ ನೋಡಿ ಮಾರಾಯ್ರೆ" ಅಂತ ಬರುವವರೂ ತುಂಬ ಜನ. ರಿಕ್ಷಾದವರು, ಫುಡ್ ಡೆಲಿವರಿ ಹುಡುಗರು, ಧಕ್ಕೆಯಿಂದ ಮೀನು ತಕ್ಕೊಂಡು ಮನೆ ಮನೆಗೆ ಹೋಗುವವರು, ದೇರಳಕಟ್ಟೆ ಕಡೆ ಓದುವ ಕೇರಳದ ಮಕ್ಕಳು. ಇವರಲ್ಲಿ ಹೆಚ್ಚಿನವರು ಫೈನ್ ತಪ್ಪಿಸುವ ಜನ ಅಲ್ಲ, ಎಷ್ಟು ಅಂತ ಹೇಳಿದ್ರೆ ಅಲ್ಲೇ ಜಿಪೇ ಮಾಡಿ ಹೋಗ್ತಾರೆ.

ಆದ್ರೆ ನೋಡುದು ಹೇಗೆ? ಕೇಂದ್ರದ ಪರಿವಾಹನ್ ಇ-ಚಲನ್ ವೆಬ್‌ಸೈಟ್ ಉಂಟು, ಅದರಲ್ಲಿ ಚಲನ್ ನಂಬರ್, ಗಾಡಿ ನಂಬರ್ ಅಥವಾ ಲೈಸೆನ್ಸ್ ನಂಬರ್ ಹಾಕಿ ಹುಡುಕ್ಬಹುದು. ಚಲನ್ ನಂಬರ್ ಯಾರ ಹತ್ರವೂ ಇರುದಿಲ್ಲ, ಮೆಸೇಜ್ ಬಂದಿದ್ರೆ ತಾನೇ ಇರುದು. ಹಾಗಾಗಿ ಗಾಡಿ ನಂಬರ್ ಹಾಕಿದ್ರೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಕ್ಷರ ಕೇಳ್ತದೆ. ಒರಿಜಿನಲ್ ಆರ್‌ಸಿ ಬ್ಯಾಂಕಲ್ಲೋ ಮನೆ ಕಪಾಟಲ್ಲೋ ಇರ್ತದೆ, ಹೊರಗೆ ನಿಲ್ಲಿಸಿದ ಸ್ಕೂಟರಲ್ಲೇ ನೋಡುವ ಅಂತ ಬಗ್ಗಿದ್ರೆ ನಮ್ಮ ಊರಿನ ಉಪ್ಪು ಗಾಳಿಗೆ, ಅದ್ರಲ್ಲೂ ಧಕ್ಕೆಗೆ ಹೋಗಿ ಬರುವ ಗಾಡಿಗಳಲ್ಲಿ, ಚಾಸಿ ನಂಬರ್ ಇದ್ದ ಜಾಗ ಪೂರ್ತಿ ತುಕ್ಕು ಹಿಡಿದು ಮೂರು ಯಾವುದು ಎಂಟು ಯಾವುದು ಅಂತ ದೇವರಿಗೇ ಗೊತ್ತು. ಸರಕಾರದ ಡಿಜಿಲಾಕರ್ ಆ್ಯಪಲ್ಲಿ ಆರ್‌ಸಿ ಇಳಿಸಿ ಇಟ್ಕೊಂಡವರದ್ದು ಮಾತ್ರ ಬೇಗ ಆಗ್ತದೆ, ಉಳಿದವರಿಗೆ ಮನೆಯಿಂದ ಆರ್‌ಸಿ ತರಿಸಿ ನಾನು ಮೊದಲು ಅದನ್ನೇ ಮಾಡಿಸುದು. ಚೆಕಿಂಗಲ್ಲಿ ನಿಲ್ಲಿಸಿದಾಗ ತೋರಿಸ್ಲಿಕ್ಕೂ ಅದು ನಡೀತದೆ, ಕಾನೂನಲ್ಲೇ ಒಪ್ಪಿದ್ದಾರೆ.

ಅಷ್ಟೆಲ್ಲ ಆಗಿ "ಬಾಕಿ ಇಲ್ಲ" ಅಂತ ಬಂದ್ರೂ ಖುಷಿ ಪಡುವ ಹಾಗಿಲ್ಲ. ಇನ್ನೊಂದು ಕಡೆ ರಾಜ್ಯ ಸರಕಾರದ ಕರ್ನಾಟಕ ಒನ್ ವೆಬ್‌ಸೈಟ್ ಉಂಟಲ್ಲ, ಅಲ್ಲಿ ನೋಡಿದ್ರೆ ಇಲ್ಲಿ ಕಾಣದ ಕೇಸ್ ಅಲ್ಲಿ ಇರ್ತದೆ. ತಮಾಷೆ ಎಂತ ಅಂದ್ರೆ ಕೇರಳದ ಫೈನ್ ನಮಗೆ ಇದಕ್ಕಿಂತ ಸುಲಭದಲ್ಲಿ ಸಿಗ್ತದೆ. 2023ರ ಜೂನ್ 5ರಿಂದ ಅಲ್ಲಿ 726 ಕ್ಯಾಮೆರಾ ಇಟ್ಟು ಫೈನ್ ಶುರು ಮಾಡಿದ್ರು, ತಲಪಾಡಿ ದಾಟಿ ಕಾಸರಗೋಡಿಗೆ ಮದುವೆಗೋ ಬೇಕಲ ಕೋಟೆ ನೋಡ್ಲಿಕ್ಕೋ ಹೋದ ನಮ್ಮ ಕೆಎ-19 ಗಾಡಿಗಳದ್ದು ಸೀಟ್ ಬೆಲ್ಟ್ ಕೇಸ್ ಫೋಟೋ ಸಮೇತ ಪರಿವಾಹನಲ್ಲಿ ಕೂತಿರ್ತದೆ. ಪಕ್ಕದ ರಾಜ್ಯದ್ದು ಒಂದೇ ಕಡೆ ಸಿಗ್ತದೆ, ನಮ್ಮ ಮನೆ ಬಾಗಿಲಿನದ್ದಕ್ಕೆ ಎರಡು ಕಡೆ ಹುಡುಕ್ಬೇಕು, ಇದು ಯಾವ ಲೆಕ್ಕ?

ಮೆಸೇಜ್ ಯಾಕೆ ಬರುದಿಲ್ಲ ಅಂತ ನೋಡಿದ್ರೆ ಹತ್ರ ಹತ್ರ ಅರ್ಧಕ್ಕರ್ಧ ಕಾರಣ ನಮ್ಮ ಕಡೆಯದ್ದೇ, ಅದನ್ನೂ ಹೇಳ್ಬೇಕು. ಗಾಡಿ ತಕ್ಕೊಳ್ಳುವಾಗ ಶೋರೂಮಿನವರೇ ಯಾವುದೋ ನಂಬರ್ ಹಾಕಿರ್ತಾರೆ, ಅಥವಾ ಹತ್ತು ವರ್ಷದ ಹಿಂದಿನ ಸಿಮ್ ಈಗ ಇಲ್ಲ. ಆಧಾರ್ ಇದ್ರೆ ಪರಿವಾಹನಲ್ಲೇ ಮೊಬೈಲ್ ನಂಬರ್ ಬದಲಿಸ್ಲಿಕ್ಕೆ ಆಗ್ತದೆ, ಆರ್‌ಟಿಒಗೆ ಹೋಗುದೇ ಬೇಡ, ಆದ್ರೆ ಇದು ಎಷ್ಟು ಜನಕ್ಕೆ ಗೊತ್ತುಂಟು? ಅದಕ್ಕಿಂತ ದೊಡ್ಡ ತೊಂದರೆ ಮಾರಿದ ಗಾಡಿಗಳದ್ದು. ಹಳೇ ಬೈಕು ಪುತ್ತೂರಿನ ಯಾರಿಗೋ ಕೊಟ್ಟು, ಹೆಸರು ಬದಲಿಸುವ 29 ಮತ್ತೆ 30ನೇ ಫಾರ್ಮಿಗೆ ಸೈನ್ ಹಾಕಿ ದುಡ್ಡು ತಕ್ಕೊಂಡು ಬಂದ್ರೆ ಮುಗೀತು ಅಂತ ಜನ ಅಂದ್ಕೊಳ್ತಾರೆ. ಕಾನೂನು ಪ್ರಕಾರ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು. ತಕ್ಕೊಂಡವನು ಹೆಸರು ಬದಲಿಸದೆ ತ್ರಿಬಲ್ ರೈಡಿಂಗ್ ಹೋಗ್ತಾ ಇರ್ತಾನೆ, ಕೇಸ್ ಎಲ್ಲಾ ಇಲ್ಲಿ ಬಿಜೈಯಲ್ಲಿ ಕೂತ ರಿಟೈರ್ಡ್ ಮೇಷ್ಟ್ರ ಹೆಸರಿಗೆ. ಅವರು ಬೈಕ್ ಮುಟ್ಟದೆ ವರ್ಷ ಆಗಿರ್ತದೆ.

ಇನ್ನು ತಪ್ಪು ಕೇಸ್. ಒಬ್ಬರು ಹೆಂಗಸು ಬಂದಿದ್ರು, ಅವರದ್ದು ಸ್ಕೂಟಿ, ಚಲನಿನ ಫೋಟೋದಲ್ಲಿ ಇರುದು ಬುಲೆಟ್. ಯಾರದ್ದೋ ನಂಬರ್ ಪ್ಲೇಟ್ ಮಾಸಿ ಹೋಗಿ ಅಥವಾ ಆಟಿ ಮಳೆಯ ನೀರು ಹೊಡೆದು ಒಂದು ಅಂಕೆ ಬೇರೆ ಥರ ಓದಿರ್ಬೇಕು. ಫೋಟೋ ಇದ್ದದ್ದರಿಂದ ಬಚಾವ್, ಇ-ಚಲನ್ ಸೈಟಲ್ಲಿ ದೂರು ಕೊಡ್ಲಿಕ್ಕೆ ಒಂದು ಜಾಗ ಉಂಟು, ಅಲ್ಲಿ ಹಾಕಿ ಕೊಟ್ಟೆ. ಫೋಟೋ ತೆರೆಯುದೇ ಇಲ್ಲದ ಕೇಸ್ ಆಗಿದ್ರೆ ಅವರು ಎಂತ ತೋರಿಸ್ಬೇಕಿತ್ತು? 500 ರೂಪಾಯಿಗೋಸ್ಕರ ಒಂದು ದಿನದ ಕೆಲಸ ಬಿಟ್ಟು ಸ್ಟೇಷನಿಗೆ ಅಲೆಯುವುದಕ್ಕಿಂತ ಕಟ್ಟಿ ಬಿಡುದೇ ಒಳ್ಳೇದು ಅಂತ ಮಾಡದ ತಪ್ಪಿಗೆ ಕಟ್ಟುವವರನ್ನ ನಾನು ಎಷ್ಟೋ ನೋಡಿದ್ದೇನೆ. ಇದು ನಂಗೆ ತುಂಬ ಸಿಟ್ಟು ಬರುವ ವಿಷಯ.

ಕ್ಯಾಮೆರಾ ಕೇಸಿಗೆ ನಿಯಮ ಇಲ್ಲ ಅಂತ ಅಲ್ಲ. 2021ರ ಆಗಸ್ಟಲ್ಲಿ ಕೇಂದ್ರದವರು ಮೋಟಾರು ವಾಹನ ನಿಯಮಕ್ಕೆ 167ಎ ಅಂತ ಸೇರಿಸಿದ್ರು. ಅದರಲ್ಲಿ ಚೆನ್ನಾಗಿಯೇ ಬರೆದಿದ್ದಾರೆ: ತಪ್ಪು ಆದ 15 ದಿನದೊಳಗೆ ನೋಟಿಸ್ ಹೋಗ್ಬೇಕು, ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೋ ಇರ್ಬೇಕು, ದಿನ ಟೈಮ್ ಜಾಗ ಇರ್ಬೇಕು, ಯಾವ ಸೆಕ್ಷನ್ ಅಂತ ಇರ್ಬೇಕು, ಕ್ಯಾಮೆರಾ ಇರುವ ರಸ್ತೆಯಲ್ಲಿ ಮುಂಚೆಯೇ ಬೋರ್ಡ್ ಇರ್ಬೇಕು, ಮೆಷಿನ್ನಿಗೆ ವರ್ಷ ವರ್ಷ ಸರ್ಟಿಫಿಕೇಟ್ ಬೇಕು. ಇಷ್ಟು ಪಾಲಿಸಿದ್ರೆ ನನ್ನ ಅಂಗಡಿಗೆ ಬರುವ ಮುಕ್ಕಾಲು ಜಗಳ ಇರುದೇ ಇಲ್ಲ. ಹದಿನೈದು ದಿನದಲ್ಲಿ ಗೊತ್ತಾದ್ರೆ ಮನುಷ್ಯನಿಗೆ ನೆನಪಿರ್ತದೆ, ಹೌದು ಆ ದಿನ ಜ್ಯೋತಿ ಹತ್ರ ಸಿಗ್ನಲ್ ಹಾರಿದ್ದೆ ಅಂತ ತಲೆ ತಗ್ಗಿಸಿ ಕಟ್ತಾನೆ, ಮರುದಿನದಿಂದ ಜಾಗ್ರತೆಯೂ ಮಾಡ್ತಾನೆ. ಎರಡು ವರ್ಷ ಆದ ಮೇಲೆ ಒಮ್ಮೆಲೇ ಹತ್ತು ಹನ್ನೆರಡು ಕೇಸ್ ಮುಂದೆ ಇಟ್ರೆ ಅವನು ಕಲಿಯುದು ಎಂತ? ರಿಕ್ಷಾದವನಿಗೆ ಅದು ಒಂದು ತಿಂಗಳ ಮನೆ ಖರ್ಚು.

ಆಗ ಎಲ್ಲರೂ ಕಾಯುದು ಡಿಸ್ಕೌಂಟಿಗೆ. 2023ರ ಫೆಬ್ರವರಿಯಲ್ಲಿ ಸರಕಾರ ಬಾಕಿ ಫೈನಿಗೆ 50 ಪರ್ಸೆಂಟ್ ರಿಯಾಯಿತಿ ಕೊಟ್ಟಿತು, ಆಮೇಲೆ ಪುನಃ ಕೊಟ್ಟಿತು, 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ವರೆಗೆ ಇನ್ನೊಮ್ಮೆ. ದುಡ್ಡು ವಸೂಲಿಗೆ ಇದು ಸರಿ ಇರ್ಬಹುದು. ಆದ್ರೆ ಸಿಕ್ಕಿದ ಕೂಡ್ಲೇ ಮರ್ಯಾದೆಯಲ್ಲಿ ಪೂರ್ತಿ ಕಟ್ಟಿದವನು ಈಗ ಪೆದ್ದ ಆದ, "ನಿಲ್ಲಿ ಭಟ್ರೇ, ಅರ್ಧ ಮಾಡ್ತಾರೆ" ಅಂತ ನನ್ನ ಅಂಗಡಿಯಲ್ಲೇ ಪಕ್ಕದವನು ಬುದ್ಧಿ ಹೇಳ್ತಾನೆ. ನಂಗೆ ಕೇಳಿದ್ರೆ ಅರ್ಧ ಕಡಿಮೆ ಮಾಡುದಾದ್ರೆ ಬೇಗ ಕಟ್ಟುವವನಿಗೆ ಮಾಡಿ, ಮೊದಲ ಹದಿನೈದೋ ಮೂವತ್ತೋ ದಿನದಲ್ಲಿ ಕಟ್ಟಿದ್ರೆ ಇಷ್ಟು ಕಡಿಮೆ ಅಂತ. ತಡ ಮಾಡಿದವನಿಗೆ ಬಹುಮಾನ ಯಾಕೆ?

ಇದೇ ಗೊಂದಲದಲ್ಲಿ ಕಳ್ಳರೂ ಹೊಟ್ಟೆ ಹೊರೀತಾ ಇದ್ದಾರೆ. ವಾಟ್ಸಾಪಲ್ಲಿ "ನಿಮ್ಮ ಗಾಡಿಗೆ ಚಲನ್ ಬಿದ್ದಿದೆ" ಅಂತ ಗಾಡಿ ನಂಬರ್ ಹಾಕಿಯೇ ಮೆಸೇಜ್ ಬರ್ತದೆ, ಕೆಳಗೆ ಒಂದು ಎಪಿಕೆ ಫೈಲ್, ಅಂದ್ರೆ ಆ್ಯಪ್ ಹಾಕುವ ಫೈಲ್, ಒತ್ತಿ ಇನ್‌ಸ್ಟಾಲ್ ಮಾಡಿದ್ರೆ ಮೊಬೈಲಿನ ಒಟಿಪಿ ಎಲ್ಲಾ ಅವರ ಕೈಗೆ, ಬ್ಯಾಂಕಲ್ಲಿ ಇದ್ದದ್ದು ಖಾಲಿ. ಸರಿಯಾದ ಮೆಸೇಜ್ ಯಾವತ್ತೂ ಆ್ಯಪ್ ಫೈಲ್ ಕಳಿಸುದಿಲ್ಲ, ಪರಿವಾಹನ್, ಕರ್ನಾಟಕ ಒನ್ ಎರಡರ ವಿಳಾಸದ ಕೊನೆಗೂ ಗವ್ ಡಾಟ್ ಇನ್ (gov.in) ಅಂತ ಇರ್ಲೇಬೇಕು. ದುಡ್ಡು ಹೋದ್ರೆ ಕೂಡ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಳೆ ಮಾಡುವ ಅಂತ ಕೂರ್ಬೇಡಿ. ಜನ ಯಾಕೆ ಮೋಸ ಹೋಗ್ತಾರೆ ಅಂದ್ರೆ ಅಸಲಿ ಮೆಸೇಜ್ ಹೇಗಿರ್ತದೆ ಅಂತ ಅವರು ಒಮ್ಮೆಯೂ ನೋಡಿರುದಿಲ್ಲ.

2010ರಲ್ಲಿ ಪೊಲೀಸ್ ಕಮಿಷನರೇಟ್ ಆದ ಊರು ಇದು, ಪೂರ್ವ ಪಶ್ಚಿಮ ಉತ್ತರ ದಕ್ಷಿಣ ಅಂತ ನಾಲ್ಕು ಟ್ರಾಫಿಕ್ ಸ್ಟೇಷನ್ ಉಂಟು. ಬೇರೆ ದೊಡ್ಡ ದೊಡ್ಡ ಸ್ಮಾರ್ಟ್ ಕೆಲಸ ಎಲ್ಲಾ ಆಮೇಲೆ ಆಗ್ಲಿ. ಗಾಡಿ ನಂಬರ್ ಹಾಕಿದ್ರೆ ಪೊಲೀಸರದ್ದು, ಆರ್‌ಟಿಒದ್ದು, ಹೊರ ರಾಜ್ಯದ್ದು ಎಲ್ಲಾ ಒಂದೇ ಕಡೆ ಫೋಟೋ ಸಮೇತ ಕನ್ನಡದಲ್ಲಿ ಬರುವ ಹಾಗೆ ಮಾಡ್ಲಿ, ಅದರ ಕೆಳಗೇ "ಇದು ನನ್ನ ಗಾಡಿ ಅಲ್ಲ" ಅಂತ ಹೇಳ್ಲಿಕ್ಕೆ ಒಂದು ಬಟನ್ ಇಡ್ಲಿ, ಹೇಳಿದ್ದಕ್ಕೆ ಇಷ್ಟು ದಿನದಲ್ಲಿ ಉತ್ತರ ಅಂತ ಬರೀಲಿ. ನಾಲ್ಕೂ ಸ್ಟೇಷನಲ್ಲಿ ಆದಿತ್ಯವಾರ ಒಂದು ಹೊತ್ತು ಯಾರಾದ್ರೂ ಒಬ್ಬರು ಕೂತು ಚಲನ್ ನೋಡಿ ಹೇಳುವ ಹಾಗಾದ್ರೆ ನನ್ನ ಅಂಗಡಿಗೆ ಸ್ವಲ್ಪ ವ್ಯಾಪಾರ ಕಡಿಮೆ ಆಗ್ತದೆ, ಅಡ್ಡಿಲ್ಲ.

ನಿಮ್ಮ ಹತ್ರವೂ ಒಂದು ವಿನಂತಿ ಉಂಟು ಸಂಪಾದಕರೇ. ಮುಂದಿನ ಸಲ ಡಿಸ್ಕೌಂಟ್ ಸುದ್ದಿ ಹಾಕುವಾಗ ಬರೀ "ಆನ್‌ಲೈನಲ್ಲೂ ಪಾವತಿಸಬಹುದು" ಅಂತ ಬಿಟ್ಟು ಬಿಡ್ಬೇಡಿ, ವೆಬ್‌ಸೈಟಿನ ಪೂರ್ತಿ ಹೆಸರು ದಪ್ಪ ಅಕ್ಷರದಲ್ಲಿ ಹಾಕಿ. ಜನ ಗೂಗಲಲ್ಲಿ ಹುಡುಕಿ ಮೊದಲು ಕಂಡದ್ದನ್ನೇ ಒತ್ತುದು.

ಇತಿ,
ಒಬ್ಬ ಜೆರಾಕ್ಸ್ ಅಂಗಡಿಯವ, ಮಂಗಳೂರು