ಕಾಳಜಿ ಕೇಂದ್ರದ ಲೆಕ್ಕ ಮೇ ತಿಂಗಳಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಹೊಳೆ ಉಕ್ಕಿದಾಗ ಸಂತ್ರಸ್ತರಿಗಾಗಿ ಎಷ್ಟು ಕಾಳಜಿ ಕೇಂದ್ರ (ಪರಿಹಾರ ಕೇಂದ್ರ) ತೆರೆದರು ಎಂಬುದು ಸುದ್ದಿಯಾಗುತ್ತದೆ. ಆ ಕಟ್ಟಡಗಳನ್ನು ಯಾವಾಗ, ಯಾವ ಲೆಕ್ಕದ ಮೇಲೆ ಆರಿಸಿದ್ದರು ಎಂದು ಯಾರೂ ಕೇಳುವುದಿಲ್ಲ.

ಜಿಲ್ಲಾಧಿಕಾರಿಗೂ ವಿಪತ್ತಿಗೂ ಇರುವ ನಂಟು ಹಳೆಯದು. 1880ರ ಕ್ಷಾಮ ಆಯೋಗದ ವರದಿಯ ಬೆನ್ನಿಗೇ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಕ್ಷಾಮ ಸಂಹಿತೆಗಳು, ಅಂದರೆ ಬರಗಾಲದ ಪರಿಹಾರ ಕೆಲಸದ ನಿಯಮಾವಳಿಗಳು, ಬಂದವು. ಕೂಲಿ ಕಾಮಗಾರಿ, ಗಂಜಿ ಎರಡೂ ಕಲೆಕ್ಟರರ ಹೊಣೆಯಾದವು. ಬರ ಬೀಳುವ ಮೊದಲೇ ಕಾಮಗಾರಿಗಳ ಪಟ್ಟಿ ತಯಾರಿರಬೇಕು ಎಂದೂ ಆ ಸಂಹಿತೆಗಳು ಹೇಳುತ್ತಿದ್ದವು. ಗಂಜಿ ನಮ್ಮ ನೆನಪಿನಲ್ಲಿ ಉಳಿಯಿತು, ಪಟ್ಟಿ ಮರೆತುಹೋಯಿತು. ಸ್ವಾತಂತ್ರ್ಯದ ನಂತರವೂ ವಿಪತ್ತು ಎಂದರೆ ಮುಖ್ಯವಾಗಿ ಬರ. ಹಾಗಾಗಿ ಈ ವಿಷಯ ಕೇಂದ್ರದ ಕೃಷಿ ಸಚಿವಾಲಯದಲ್ಲಿತ್ತು. 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ ಆದ ಮೇಲೆ 2002ರಲ್ಲಿ ಗೃಹ ಸಚಿವಾಲಯಕ್ಕೆ ಹೋಯಿತು. 2004ರ ಸುನಾಮಿಯ ಮರುವರ್ಷ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ 25ನೇ ಕಲಮಿನಂತೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ; ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಪೊಲೀಸ್ ವರಿಷ್ಠಾಧಿಕಾರಿ ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯರು, ಜನಪ್ರತಿನಿಧಿಯೊಬ್ಬರು ಸಹ ಅಧ್ಯಕ್ಷರು.

ಪರಿಹಾರ ಕೇಂದ್ರವಾಗಬಲ್ಲ ಕಟ್ಟಡಗಳನ್ನು ಮೊದಲೇ ಗುರುತಿಸಿ, ಅಲ್ಲಿ ನೀರು ಮತ್ತು ಶೌಚಾಲಯದ ವ್ಯವಸ್ಥೆ ಮಾಡುವ ಕೆಲಸವನ್ನು 30ನೇ ಕಲಮು ಪ್ರಾಧಿಕಾರಕ್ಕೆ ವಹಿಸಿದೆ. ಆದರೆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದು 'ಸರ್ಕಾರಿ ಶಾಲೆ, 500 ಜನ' ಎಂಬ ಒಂದು ಸಾಲು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡದಂತೆ ಒಬ್ಬರಿಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 3 ಲೀಟರ್ ಕುಡಿಯುವ ನೀರು, 30 ಮಂದಿಗೆ ಒಂದು ಶೌಚಾಲಯ ಬೇಕು. ಆರು ಮೀಟರ್ ಅಗಲ, ಎಂಟು ಮೀಟರ್ ಉದ್ದದ ತರಗತಿ ಕೋಣೆಯಲ್ಲಿ ಹಿಡಿಸುವುದು 13 ಮಂದಿ. 500 ಜನಕ್ಕೆ 39 ಕೋಣೆ, 17 ಶೌಚಾಲಯ ಬೇಕಾದವು. ಅಷ್ಟು ಕೋಣೆಯ ಹಳ್ಳಿ ಶಾಲೆ ಎಲ್ಲಿದೆ? ಶಾಲೆಯೇ ತಗ್ಗಿನಲ್ಲಿದ್ದರೆ ಈ ಲೆಕ್ಕವೂ ಮುಳುಗಿತು. ದನಕ್ಕೆ ಪಕ್ಕದಲ್ಲೇ ಜಾಗ, ಮೇವು ಇಲ್ಲದಿದ್ದರೆ ಜನ ಮನೆ ಬಿಟ್ಟು ಹೊರಡುವುದೇ ಇಲ್ಲ. ಇದನ್ನು ಹಟ ಎನ್ನುವುದು ತಪ್ಪು. ಅವರ ಬದುಕು ಕಟ್ಟಿರುವುದು ಆ ಕೊಟ್ಟಿಗೆಯಲ್ಲಿ.

ದೂರವಾಣಿ ಪಟ್ಟಿಯದು ಇನ್ನೊಂದು ಕಥೆ. ಅಧಿಕಾರಿಯ ಸ್ವಂತ ಮೊಬೈಲ್ ಸಂಖ್ಯೆ ಬರೆದಿರುತ್ತಾರೆ. ವರ್ಗವಾದೊಡನೆ ಸಂಖ್ಯೆಯೂ ಅವರ ಜೊತೆ ಹೋಗುತ್ತದೆ. ಹುದ್ದೆಗೆ ಒಂದು ಸಿಮ್ ಇದ್ದರೆ ಈ ತೊಂದರೆಯೇ ಇಲ್ಲ. ಸಾಮಗ್ರಿ ಪಟ್ಟಿಯಲ್ಲಿ 'ದೋಣಿ 4' ಎಂದಿದ್ದರೆ ಸಾಲದು. ಎಂಜಿನ್ ಕೊನೆಯ ಸಲ ಯಾವಾಗ ಚಾಲೂ ಆಯಿತು, ನಡೆಸುವವರು ಯಾರು, ಜೀವರಕ್ಷಕ ಜಾಕೆಟ್ ಎಷ್ಟಿವೆ ಎಂಬುದೂ ಬೇಕು. ವರ್ಷಾನುಗಟ್ಟಲೆ ಮಡಚಿಟ್ಟ ರಬ್ಬರ್ ದೋಣಿ ಮಡಿಕೆಯಲ್ಲೇ ಬಿರಿಯುತ್ತದೆ. ನಿಂತಲ್ಲೇ ನಿಂತ ಜನರೇಟರಿಗೆ ಬ್ಯಾಟರಿ ಕೈಕೊಡುತ್ತದೆ. ತಿಂಗಳಿಗೊಮ್ಮೆ ಚಾಲೂ ಮಾಡಿ ಪುಸ್ತಕದಲ್ಲಿ ಬರೆದಿಡುವುದಕ್ಕೆ ಅನುದಾನವೇನೂ ಬೇಕಿಲ್ಲ.

ಟೆಂಡರ್ ಆಗಿಲ್ಲ ಎಂಬ ನೆಪವೂ ನಿಲ್ಲದು. ತುರ್ತು ರಕ್ಷಣೆ, ಪರಿಹಾರಕ್ಕೆ ಬೇಕಾದುದನ್ನು ಟೆಂಡರಿಲ್ಲದೆ ಕೊಳ್ಳಲು 50ನೇ ಕಲಮು, ವಾಹನ ಮತ್ತು ಕಟ್ಟಡ ವಶಕ್ಕೆ ಪಡೆಯಲು 65ನೇ ಕಲಮು ಅಧಿಕಾರ ಕೊಟ್ಟಿವೆ.

ಅಣಕು ಕಾರ್ಯಾಚರಣೆ ನಡೆಸುವುದು ಬೆಳಗಿನ ಹನ್ನೊಂದಕ್ಕೆ, ಒಣ ಮೈದಾನದಲ್ಲಿ, ಕ್ಯಾಮೆರಾ ಮುಂದೆ. ಒಮ್ಮೆಯಾದರೂ ರಾತ್ರಿ ಎರಡಕ್ಕೆ ಯಾರಿಗೂ ತಿಳಿಸದೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿಸಿ ನೋಡಲಿ. ಸುದ್ದಿ ತಹಶೀಲ್ದಾರರಿಗೆ, ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿಗೆ ಮುಟ್ಟಲು ಎಷ್ಟು ನಿಮಿಷ ಹಿಡಿಯಿತು ಎಂಬುದೇ ಆ ವ್ಯವಸ್ಥೆಯ ನಿಜವಾದ ಅಳತೆ.

ಈ ಕಾಯ್ದೆಯ 2025ರ ತಿದ್ದುಪಡಿಯು ರಾಜ್ಯ ರಾಜಧಾನಿಗಳು ಮತ್ತು ಮಹಾನಗರ ಪಾಲಿಕೆ ಇರುವ ನಗರಗಳಲ್ಲಿ ಪಾಲಿಕೆ ಆಯುಕ್ತರ ಅಧ್ಯಕ್ಷತೆಯ ನಗರ ಪ್ರಾಧಿಕಾರಕ್ಕೂ ಅವಕಾಶ ಮಾಡಿದೆ. ಒಳ್ಳೆಯದೇ. ಆದರೆ ರಾಜಕಾಲುವೆಗೆ ಪಾಲಿಕೆಯ ಗಡಿ ಗೊತ್ತಿಲ್ಲ. ಗಡಿಯ ಬಡಾವಣೆಯ ಕರೆ ಯಾರ ಕಂಟ್ರೋಲ್ ರೂಮಿಗೆ ಹೋಗಬೇಕು ಎಂಬುದು ಮೊದಲೇ ಲಿಖಿತವಾಗಿರಲಿ.

ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು ಕಾಯ್ದೆಯೇ ಹೇಳಿದೆ. ಮೇ 31ರೊಳಗೆ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಇಷ್ಟನ್ನು ಹಾಕಲಿ: ಕಾಳಜಿ ಕೇಂದ್ರ ಯಾವುದು, ಕೋಣೆ ಎಷ್ಟು, ಶೌಚಾಲಯ ಎಷ್ಟು, ದನಕ್ಕೆ ಜಾಗ ಎಲ್ಲಿ, ಬೀಗದ ಕೈ ಯಾರ ಬಳಿ, ಅವರು ಊರಲ್ಲಿಲ್ಲದಿದ್ದರೆ ಇನ್ನೊಂದು ಯಾರ ಬಳಿ.

ಇಂತಿ,
ನಿಮ್ಮ ಓದುಗ