ಬೆನ್ನ ಹಿಂದೆ ಉಳಿದ ಮಡಿಕೇರಿ

ಮಾನ್ಯ ಸಂಪಾದಕರೇ,

ಮಡಿಕೇರಿಯ ಫೋಟೊ ಎಂದರೆ ರಾಜಾಸೀಟಿನ ಸೂರ್ಯಾಸ್ತ ಎಂಬಂತಾಗಿದೆ. ಅಲ್ಲಿ ನಿಂತವರೆಲ್ಲ ಪಡುವಣದ ಕಣಿವೆಯ ಕಡೆಗೆ ಕ್ಯಾಮೆರಾ ಹಿಡಿಯುತ್ತಾರೆ, ಊರು ಬೆನ್ನ ಹಿಂದೆ ಉಳಿಯುತ್ತದೆ. ಕೋಟೆಗೆ ಹೋದರೆ ಅಂಗಳದ ಎರಡು ಗಾರೆಯ ಆನೆಗಳು, ಓಂಕಾರೇಶ್ವರಕ್ಕೆ ಹೋದರೆ ಕೊಳದ ಎದುರಿನ ಅದೇ ನೋಟ. ಹಂಚಿನ ಮಾಡು ಹೋಗಿ ಶೀಟು, ಶೀಟು ಹೋಗಿ ತಾರಸಿ ಬರುತ್ತಿರುವ ಈ ದಿನಗಳಲ್ಲಿ ಊರನ್ನೇ ಬೇರೆ ಬೇರೆ ಮಗ್ಗುಲಿನಿಂದ ಚಿತ್ರದಲ್ಲಿ ಉಳಿಸಿಕೊಳ್ಳಬೇಕಾಗಿದೆ. ಮೊಬೈಲ್ ಇದ್ದವರೂ ಈ ಕೆಲಸ ಮಾಡಬಹುದು.

ಮೊದಲು ಗದ್ದಿಗೆ. ಮಹದೇವಪೇಟೆಯ ಆ ಎತ್ತರದಲ್ಲಿ ಕೊಡಗಿನ ಅರಸರಾದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳ ಗುಮ್ಮಟಗಳೂ ಮೂಲೆಯ ಮಿನಾರುಗಳೂ ಇವೆ. ಹತ್ತಿರ ನಿಂತು ಅಗಲ ನೋಟದ ಲೆನ್ಸಿನಲ್ಲಿ ತೆಗೆದರೆ ಗುಮ್ಮಟ ಚೌಕಟ್ಟು ತುಂಬಿಕೊಂಡು ಹಿಂದಿನ ಮನೆಗಳು ಚುಕ್ಕಿಗಳಾಗುತ್ತವೆ. ಆವರಣದಲ್ಲಿ ಎಷ್ಟು ಹಿಂದೆ ಸರಿಯಬಹುದೋ ಅಷ್ಟು ಸರಿದು 100ರಿಂದ 200 ಮಿ.ಮೀ. ಜೂಮ್ ಬಳಸಿದರೆ ಗುಮ್ಮಟ, ಮಾಡುಗಳ ಸಾಲು, ಆಚೆಯ ಬೆಟ್ಟ ಒಂದರ ಮೇಲೊಂದು ಒತ್ತಿಕೊಂಡಂತೆ ಬರುತ್ತವೆ. ಇದು ಲೆನ್ಸಿನ ಮಾಯೆಯಲ್ಲ, ನಿಂತ ದೂರದ ಫಲ. ಮೊಬೈಲಿನಲ್ಲಿ 0.5 ಬಿಟ್ಟು 2 ಅಥವಾ 3ರ ಲೆನ್ಸ್ ಬಳಸಿ. ಬಿಸಿಲ ದಿನ ಹತ್ತು ಗಂಟೆಯ ಮೇಲೆ ದೂರದ ಚಿತ್ರ ಬೇಡ. ಕಾದ ಶೀಟುಗಳಿಂದ ಏಳುವ ಝಳಕ್ಕೆ ಗೆರೆಗಳು ನಡುಗುತ್ತವೆ, ಎಷ್ಟೇ ಬೆಲೆಯ ಕ್ಯಾಮೆರಾ ಇದ್ದರೂ ಅದನ್ನು ಸರಿಪಡಿಸಲಾಗದು.

ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕೋಟೆಗೋಡೆಯ ಮೇಲಿನಿಂದ ಒಳಗಿನ ಅರಮನೆಯೂ 1855ರ ಚರ್ಚ್ ಕಟ್ಟಡವೂ ಹೊರಗಿನ ಪೇಟೆಯೂ ಸಿಗುತ್ತವೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಕ್ಯಾಮೆರಾದ ಮೂತಿ ಮೇಲೆತ್ತುವುದು. ಎತ್ತಿದರೆ ಗೋಡೆಗಳು ಮೇಲೆ ಹೋದಂತೆ ಒಂದಕ್ಕೊಂದು ವಾಲುತ್ತವೆ. ಕ್ಯಾಮೆರಾ ಮಟ್ಟವಾಗಿರಲಿ, ಕೆಳಗೆ ಹೆಚ್ಚಾಗಿ ಬರುವ ನೆಲವನ್ನು ಆಮೇಲೆ ಕತ್ತರಿಸಿ. ವಾಲಿದ್ದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡುವುದಾದರೆ ಅಂಚಿನ ಭಾಗ ನಷ್ಟವಾಗುತ್ತದೆ, ಆದ್ದರಿಂದ ತೆಗೆಯುವಾಗಲೇ ಸುತ್ತ ಐದರಲ್ಲೊಂದು ಪಾಲು ಜಾಗ ಬಿಟ್ಟಿರಿ. ಕಟ್ಟಡದ ಅರ್ಧ ಎತ್ತರಕ್ಕೆ ಸಮನಾದ ಜಗಲಿಯೋ ಮೆಟ್ಟಿಲೋ ಸಿಕ್ಕರೆ ಈ ತೊಂದರೆಯೇ ಇರದು. ಟ್ರೈಪಾಡಿಗೆ ಅನುಮತಿ ಇಲ್ಲದ ಕಡೆ ಒಂದು ಕಿಲೊ ಅಕ್ಕಿ ತುಂಬಿದ ಬಟ್ಟೆಚೀಲವನ್ನು ಗೋಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಊರಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಸಾಕು. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿನ ಅಂಚಿಗೆ ಹೋಗಲೇಬೇಡಿ.

1820ರ ಓಂಕಾರೇಶ್ವರ ದೇವಾಲಯವನ್ನು ಕೊಳದ ನೀರಿನ ಮಟ್ಟದಿಂದ ನೋಡಿದವರು ಕಡಿಮೆ. ಗಾಳಿ ಏಳುವ ಮೊದಲು, ಬೆಳಗಿನ ಮೊದಲ ಗಂಟೆಯಲ್ಲಿ, ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೀರಿಗೆ ಗೇಣು ದೂರಕ್ಕೆ ಇಳಿಯುತ್ತದೆ. ನಡುವಿನ ಮಂಟಪ, ಗುಮ್ಮಟ, ಎರಡರ ಬಿಂಬವೂ ಒಟ್ಟಿಗೆ ಬರುತ್ತವೆ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ಪೂರ್ತಿ ತಿರುಗಿಸಿದರೆ ಬಿಂಬವೇ ಅಳಿಸಿಹೋಗಬಹುದು. ಬಿಳಿ ಗುಮ್ಮಟಕ್ಕೆ ಬಿಸಿಲು ಬಿದ್ದಾಗ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಅರ್ಧದಿಂದ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಇಳಿಸಿ, ಇಲ್ಲವಾದರೆ ಗಾರೆಯ ಕೆಲಸ ಕಾಣದೆ ಬರೀ ಬಿಳುಪು ಉಳಿಯುತ್ತದೆ.

ಮಂಜಿನಲ್ಲಿ ಇದಕ್ಕೆ ತಿರುಗಾಮುರುಗಾ. ಬೆಳಕು ಅಳೆಯುವ ಕ್ಯಾಮೆರಾದ ಮೀಟರು ಮಂಜಿನ ಬೆಳ್ಳಗನ್ನು ಬೂದು ಎಂದು ತಿಳಿದು ಚಿತ್ರವನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಒಂದು ಸ್ಟಾಪ್ ಏರಿಸಬೇಕು. ಫೋಕಸ್ ಹಿಂದೆ ಮುಂದೆ ಹುಡುಕಾಡುತ್ತಿದ್ದರೆ ಹತ್ತಿರದ ಕಂಬ ಅಥವಾ ಮಾಡಿನ ಅಂಚಿಗೆ ಕೈಯಿಂದ ಫೋಕಸ್ ಮಾಡಿ. ಲೆನ್ಸ್ ಒಳಗಡೆ ಬೂಸಲು ಹಿಡಿಯುವುದು ಜಡಿಮಳೆಯ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ದೊಡ್ಡ ಕಾಟ. ಎಸಿ ಕಾರಿನಲ್ಲಿ ತಣ್ಣಗಾದ ಕ್ಯಾಮೆರಾವನ್ನು ಹೊರಗೆ ತೆಗೆದ ಕೂಡಲೇ ಗಾಜಿನ ಮೇಲೆ ಹನಿ ಕೂರುತ್ತದೆ. ಚೀಲದ ಬಾಯಿ ಮುಚ್ಚಿ ಇಪ್ಪತ್ತು ನಿಮಿಷ ಹೊರಗಿಟ್ಟು ಆಮೇಲೆ ತೆಗೆಯಿರಿ. ಮನೆಯಲ್ಲಿ ಗಾಳಿಯಾಡದ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಜೆಲ್ ಇರಲಿ. ಮಳೆ ಬಿಟ್ಟ ಅಕ್ಟೋಬರಿನಲ್ಲಿ ಗಾಳಿ ತೊಳೆದಂತಿರುತ್ತದೆ, ದೂರದ ಮಾಡುಗಳ ಹಂಚು ಹಂಚೂ ಕಾಣುತ್ತದೆ. ಡಿಸೆಂಬರಿನ ಸಂಜೆಯಾದರೆ ಸುಮಾರು 6.25ರಿಂದ 6.45ರವರೆಗೆ ಆಕಾಶದ ನೀಲಿಯೂ ಮನೆಗಳ ದೀಪವೂ ಸಮತೂಕಕ್ಕೆ ಬರುತ್ತವೆ. ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್ 8 ಇಟ್ಟು ಹಲವು ಸೆಕೆಂಡ್ ಶಟರ್ ತೆರೆಯಬೇಕಾದೀತು. ಟ್ರೈಪಾಡ್ ಮೇಲೆ ಲೆನ್ಸಿನ ಅಲುಗಾಟ ತಡೆಯುವ ಸ್ಟೆಬಿಲೈಸರನ್ನು ಆಫ್ ಮಾಡಿಡುವುದು ಲೇಸು.

ಇಷ್ಟೂ ಹೇಳಿದ್ದು ಮುಖ್ಯವಾಗಿ ಒಂದು ಕೆಲಸಕ್ಕಾಗಿ. ಒಂದೇ ಜಾಗದಿಂದ, ಒಂದೇ ಎತ್ತರದಿಂದ, ಪ್ರತಿವರ್ಷ ಅದೇ ವಾರದಲ್ಲಿ ಚಿತ್ರ ತೆಗೆಯಬೇಕು. 2018ರ ಆಗಸ್ಟಿನಲ್ಲಿ ಸುತ್ತಲಿನ ಗುಡ್ಡಗಳು ಜರಿದದ್ದನ್ನು ಯಾರೂ ಮರೆತಿಲ್ಲ. ಯಾವ ಇಳಿಜಾರಿನಲ್ಲಿ ಮರವಿತ್ತು, ಎಲ್ಲಿ ಮಣ್ಣು ಕಡಿದು ಮಟ್ಟ ಮಾಡಿದ್ದರು, ಎಲ್ಲಿ ಎಷ್ಟು ಅಂತಸ್ತು ಎದ್ದಿತು ಎಂದು ತೋರಿಸಲು ಅಂಥ ಸರಣಿಗೆ ಸಮನಾದ ದಾಖಲೆ ಇಲ್ಲ. ಜಾಗ ಗುರುತಿಸಲು ಮೊಬೈಲಿನ ಜಿಪಿಎಸ್ ಸಾಲದು, ಅದು ಐದು ಮೀಟರ್ ಆಚೀಚೆ ತೋರಿಸಬಹುದು. ಹತ್ತಿರದ ಕಟ್ಟಡದ ಒಂದು ಮೂಲೆಯನ್ನು ದೂರದ ಒಂದು ಗುರುತಿಗೆ, ಅದು ಗೋಪುರವಾಗಲಿ ಟವರಾಗಲಿ, ನೇರ ಸೇರಿಸಿ ನಿಲ್ಲಿ. ಇನ್ನೊಂದು ದಿಕ್ಕಿನಲ್ಲೂ ಅಂಥದೇ ಜೋಡಿ ಹುಡುಕಿ. ಎರಡೂ ಕೂಡಿಬರುವ ಜಾಗ ಒಂದೇ ಇರುತ್ತದೆ, ಒಂದು ಹೆಜ್ಜೆ ತಪ್ಪಿದರೂ ಜೋಡಿ ಬಿಡುತ್ತದೆ. ನೆಲದಿಂದ ಲೆನ್ಸಿನ ಎತ್ತರ, ಜೂಮ್ ಎಷ್ಟು ಮಿ.ಮೀ. ಎಂಬುದು, ದಿನಾಂಕ, ಗಂಟೆ ಬರೆದಿಡಿ. ಮರುವರ್ಷ ಹಳೆಯ ಚಿತ್ರದ ಪ್ರಿಂಟ್ ಕೈಯಲ್ಲಿ ಹಿಡಿದೇ ಹೋಗಿ. ವಾಟ್ಸ್ಆ್ಯಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗಿಹೋಗುತ್ತದೆ, ಮೂಲ ಫೈಲನ್ನು ಎರಡು ಕಡೆ ಉಳಿಸಿ.

ಡ್ರೋನ್ ಇದ್ದರೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ಎಂದು ನೋಡಲೇಬೇಕು, ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲೂ ಎತ್ತರದ ಮಿತಿ 400 ಅಡಿ. ಕಣಿವೆಯ ಗಾಳಿ ಮತ್ತು ವಿದ್ಯುತ್ ತಂತಿ ಬೇರೆ. ನೆಲದ ಮೇಲೆ ಕಾಲೂರಿ ತೆಗೆದ ಚಿತ್ರವನ್ನು ಐವತ್ತು ವರ್ಷದ ನಂತರವೂ ಇನ್ನೊಬ್ಬರು ಅಲ್ಲೇ ನಿಂತು ಮತ್ತೆ ತೆಗೆಯಬಹುದು. ಕಾಫಿ ತೋಟ, ಮನೆಯ ತಾರಸಿ ಎಲ್ಲೇ ಆಗಲಿ, ಯಜಮಾನರನ್ನು ಕೇಳಿಯೇ ಹೋಗಿ. ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ, ಅದು ಭಾರ ತಾಳದು.

ಗದ್ದಿಗೆಯ ಆವರಣ, ಕೋಟೆಯ ದಾರಿ, ಕೊಳದ ದಡ ಹೀಗೆ ಐದಾರು ಕಡೆ ಸ್ಮಾರಕಕ್ಕೆ ಧಕ್ಕೆಯಾಗದಂತೆ ಹೊರಗಿನ ನೆಲದಲ್ಲಿ ಒಂದೊಂದು ಗುರುತುಕಲ್ಲು ಹಾಕಿಸಲು ನಗರಸಭೆ ಮನಸ್ಸು ಮಾಡಲಿ. ತಮ್ಮ ಪತ್ರಿಕೆಯೂ ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಹಳೆಯ ಚಿತ್ರದ ಪಕ್ಕದಲ್ಲಿ ಹೊಸದನ್ನಿಟ್ಟು ಅರ್ಧ ಪುಟ ಪ್ರಕಟಿಸಬೇಕೆಂದು ಕೋರುತ್ತೇವೆ.

– ಹವ್ಯಾಸಿ ಛಾಯಾಗ್ರಾಹಕರು, ಮಡಿಕೇರಿ